ಮೂರಕ್ಕೊಂದು ಉಸಿರು

ಗಣಿಯೂರಿನ ಆಸ್ಪತ್ರೆ, ನಾಲ್ಕು ಸಾವಿರ ಮೀಟರಿನ ಮೇಲೆ.
ಇಲ್ಲಿ ಗಾಳಿಗೂ ಬಡತನ.
ತಗ್ಗುನಾಡಿನ ಸೆಕೆಯಿಂದ ಬಂದ ನಾನು
ಹತ್ತು ಮೆಟ್ಟಿಲಿಗೇ ಗೋಡೆ ಹಿಡಿಯುವವನು,
ಇನ್ನೂ ಪೂರ್ತಿ ಡಾಕ್ಟರಾಗದವನು.

ಇದ್ದ ಒಬ್ಬ ವೈದ್ಯರು, ಇದ್ದ ಒಂದೇ ಆಂಬುಲೆನ್ಸಿನಲ್ಲಿ,
ಕಾಲು ಜಜ್ಜಿದ ಗಣಿಗನ ಜೊತೆ ಪೊಟೊಸಿಗೆ ಇಳಿದಿದ್ದರು.
ಉಳಿದವರು ನಾನು, ಸೂಲಗಿತ್ತಿ ಸಾತುರ್ನೀನಾ ಕೋಲ್ಕೆ,
ಮತ್ತು ರಾತ್ರಿ ಎರಡೂ ಹತ್ತಕ್ಕೆ ಹುಟ್ಟಿ
ಹುಟ್ಟಿದ್ದನ್ನು ಯಾರಿಗೂ ಹೇಳದ ಒಂದು ಹೆಣ್ಣುಕೂಸು.

ಒರೆಸಿದೆವು, ಬೆನ್ನುಜ್ಜಿದೆವು. ಮಾಸ್ಕ್ ಇಟ್ಟು ಚೀಲ ಹಿಂಡಿದೆ.
ಎದೆ ಏರಿತು, ಇಳಿಯಿತು;
ನನ್ನ ಕೈ ನಿಂತಲ್ಲಿ ಅದೂ ನಿಂತಿತು.
ಹೊಕ್ಕುಳಬಳ್ಳಿಯನ್ನು ಎರಡು ಬೆರಳಲ್ಲಿ ಹಿಡಿದು
ಸಾತುರ್ನೀನಾ "ನಲವತ್ತು" ಎಂದಳು, ಸಂತೆಯಲ್ಲಿ ಬೆಲೆ ಹೇಳುವಂತೆ.
ಆಮೇಲೆ ಗುಬ್ಬಿಗೂಡಿನಷ್ಟು ಎದೆಗೂಡನ್ನು ಎರಡೂ ಕೈಯಲ್ಲಿ ಬಳಸಿ
ನಡುವೆ ಹೆಬ್ಬೆರಳು ಇಟ್ಟಳು.

ಉನೊ, ದೋಸ್, ತ್ರೇಸ್, ಆಯ್ರೆ.
ಮೂರು ಒತ್ತು, ಒಂದು ಉಸಿರು.
ಎರಡು ಸೆಕೆಂಡಿಗೆ ಒಂದು ಸುತ್ತು.

ದಣಿವು
ಬೆವರಾಗಿ ಬಂದಿದ್ದರೆ ಒರೆಸಬಹುದಿತ್ತು.
ನೋವಾಗಿ ಬಂದಿದ್ದರೆ ಹಲ್ಲು ಕಚ್ಚಬಹುದಿತ್ತು.
ಅದು ಕೂದಲೆಳೆ ಕೂದಲೆಳೆಯಾಗಿ ಬಂತು:
ಹೆಬ್ಬೆರಳು ಇಳಿಯಬೇಕಾದಷ್ಟು ಇಳಿಯಲಿಲ್ಲ.
ಲಯ ಮಾತ್ರ ಗಡಿಯಾರ.
ಅದಕ್ಕೇ ಅವಳಿಗೆ ಗೊತ್ತಾಗಲಿಲ್ಲ.
ಅವಳನ್ನು ನಂಬಿದ್ದಕ್ಕೆ ನನಗೂ.

ಆರನೆಯ ನಿಮಿಷವೋ, ಏಳೋ,
ಎಣಿಕೆ ಬದಲಾಯಿತು.
ಉಹ್, ಇಸ್ಕಾಯ್, ಕಿನ್ಸ, ಸಮಯ್.
ಕೆಚುವಾ, ಅವಳವ್ವನ ನುಡಿ; ನನಗೆ ಅದರ ಗಂಧವಿಲ್ಲ.
ನಾಲ್ಕನೆಯ ಮಾತಿಗೆ ಚೀಲ ಹಿಂಡಬೇಕೆಂಬುದಷ್ಟೇ ತಿಳಿಯಿತು.
ಸಮಯ್, ಹಿಂಡಿದೆ. ಸಮಯ್, ಹಿಂಡಿದೆ.
ಇದ್ದಕ್ಕಿದ್ದಂತೆ ಅನ್ಯಭಾಷೆ ಆಡಿದವಳ ಮುಖ ನೋಡಲು ಹೋಗಿ
ಕಣ್ಣು ಅವಳ ಉಗುರಿಗೆ ಬಿತ್ತು.
ಒತ್ತುವ ಉಗುರು ಬೆಳ್ಳಗಾಗಬೇಕು.
ಅವಳದು ಕೆಂಪಗೇ ಇತ್ತು.

ಹೇಳುವುದು ಹೇಗೆ?
ಮೂವತ್ತೊಂದು ವರ್ಷ ಈ ಊರಿನ ಕೂಸುಗಳನ್ನು ಹಿಡಿದವಳಿಗೆ,
ಮೊನ್ನೆ ಬಂದ ನಾನು, ನಿಮ್ಮ ಕೈ ಸೋತಿದೆ ಎಂದು?
ಮಾತನ್ನು ನುಂಗಿದೆ. ಎರಡು ಸುತ್ತು ಹೋದವು.
ಆ ನಾಲ್ಕು ಸೆಕೆಂಡು ಇನ್ನೂ ನನ್ನ ಸಾಲದ ಪುಸ್ತಕದಲ್ಲಿವೆ.
ಆಮೇಲೆ "ಬದಲಾಗೋಣ" ಎಂದೆ,
ಬೇಕಿದ್ದಕ್ಕಿಂತ ಜೋರಾಗಿ, ಜಗಳಕ್ಕೆ ನಿಂತವನಂತೆ.

"ದಣಿದಿಲ್ಲ" ಎಂದಳು, ಮತ್ತೆ ಸ್ಪ್ಯಾನಿಷಿನಲ್ಲಿ.
ಎಂದವಳೇ ಕೈ ಸರಿಸಿದಳು.

ಅವಳ ಹೆಬ್ಬೆರಳಿದ್ದ ಜಾಗ ಬೆಚ್ಚಗಿತ್ತು.
ನನ್ನವು ಇಳಿದವು. ಚೀಲ ಅವಳ ಕೈಯಲ್ಲಿ
ಹಳೆಯ ಅಕಾರ್ಡಿಯನ್ನಿನಂತೆ ಮೆತ್ತಗಾಯಿತು.
ಒಂದು ನಿಮಿಷ. ಬಳ್ಳಿ ಹಿಡಿದಳು: ಐವತ್ತು.
ಇನ್ನೊಂದು. ಎಂಬತ್ತು.
ಕೈ ಎತ್ತಿದೆ. ಉಸಿರು ಮಾತ್ರ ಹಿಂಡುತ್ತ ಹೋದಳು,
ಕೂಸು ಮುಖ ಕಿವುಚುವವರೆಗೆ,
ಯಾರೋ ನಿದ್ದೆ ಕೆಡಿಸಿದರೆಂಬ ಸಿಟ್ಟಿನಲ್ಲಿ.

ಬೆಳಗಿಗೆ ಬಂದ ಆಂಬುಲೆನ್ಸ್
ತಾಯಿ ಬಾಸಿಲಿಯಾಳನ್ನೂ ಅವಳ ಎದೆಗಂಟಿದ ಗಂಟನ್ನೂ
ಅದೇ ರಸ್ತೆಯಲ್ಲಿ ಇಳಿಸಿಕೊಂಡು ಹೋಯಿತು.
ಆ ರಸ್ತೆ ಮುಂದೇನು ಮಾಡಿತೋ, ಇಲ್ಲಿಗೆ ಸುದ್ದಿ ಬರಲಿಲ್ಲ.

ಅಡುಗೆಮನೆಯಲ್ಲಿ ಸಾತುರ್ನೀನಾ
ಬೆಂದ ಆಲೂಗಡ್ಡೆಯ ಸಿಪ್ಪೆಗೆ ಉಗುರು ಹಾಕಿದಳು; ಆಗಲಿಲ್ಲ.
ಇನ್ನೊಮ್ಮೆ ಹಾಕಿದಳು.
ಮಾತಿಲ್ಲದೆ ತಟ್ಟೆಯನ್ನು ನನ್ನತ್ತ ತಳ್ಳಿದಳು.
ನಾನು ಸುಲಿದೆ, ಅವಳು ತಿಂದಳು.

ನೆಲ ಒರೆಸುವ ಎಯುಫ್ರೋನಿಯಾಳನ್ನು ಕೇಳಿದೆ, ಸಮಯ್ ಅಂದರೇನೆಂದು.
"ಉಸಿರು" ಎಂದಳು.
ಬಕೆಟ್ ಎತ್ತುತ್ತ, "ದಣಿವಾರಿಸಿಕೋ ಅನ್ನೋದಕ್ಕೂ ಅದೇ.
ಎರಡಕ್ಕೂ ಬೇರೆ ಬೇರೆ ಮಾತು ಯಾಕೆ ಬೇಕು?"

ಆ ರಾತ್ರಿ ಅವಳು ಅದನ್ನು
ಕೂಸಿಗೆ ಹೇಳುತ್ತಿದ್ದಳೋ, ನನಗೋ,
ತನ್ನೆರಡು ಹೆಬ್ಬೆರಳಿಗೋ.
ನಾನಂತೂ ಪ್ರತಿಸಲವೂ
ಚೀಲವನ್ನೇ ಹಿಂಡಿದೆ.